ಮುಳ್ಳಕ್ಕನ ಚಿಮುಟ

ಮೀನಿನ ಕಾರ್ಖಾನೆಯಲ್ಲಿ ಅವಳನ್ನು ಎಲ್ಲರೂ ಮುಳ್ಳಕ್ಕ ಎಂದೇ ಕರೆಯುತ್ತಿದ್ದರು. ಚರ್ಮ ಸುಲಿದು, ನಡುಮೂಳೆ ತೆಗೆದು ಮೇಜಿಗೆ ಬಂದ ಮೀನಿನ ಹೋಳುಗಳಲ್ಲಿ ಉಳಿದ ಸಣ್ಣ ಮುಳ್ಳುಗಳನ್ನು ಚಿಮುಟದಿಂದ ಹಿಡಿದು ಎಳೆಯುವುದು ಅವಳ ಕೆಲಸ. ತಲೆಯ ಕಡೆಯಿಂದ ಬಾಲದ ಕಡೆಗೆ ಬೆರಳು ಸವರಿದರೆ ಮುಳ್ಳಿನ ತುದಿ ತಾನಾಗಿ ಚುಚ್ಚಿ ಇಲ್ಲಿದ್ದೇನೆ ಎನ್ನುತ್ತದೆ. ಅದು ಬಾಗಿದ ಕಡೆಗೇ ಎಳೆಯಬೇಕು. ಅಡ್ಡ ಎಳೆದರೆ ಮಾಂಸ ಹರಿಯುತ್ತದೆ. ಹಿಡಿತ ತಪ್ಪಿದರೆ ಮುಳ್ಳು ಅರ್ಧಕ್ಕೇ ಮುರಿದು ಒಳಗೇ ಕೂರುತ್ತದೆ. ಹಾಗೆ ಕೂತ ಮುಳ್ಳು ಯಾರ ಗಂಟಲಿಗೆ ಹೋಗುತ್ತದೋ ದೇವರೇ ಬಲ್ಲ.

"ದಿನಾ ಅದನ್ನೇ ಮುಟ್ತೀಯಲ್ಲ, ನಿಂಗೆ ಹೇಸಿಗೆ ಆಗಲ್ವಾ?" ಎಂದು ಪಕ್ಕದ ಮನೆಯವಳು ಒಮ್ಮೆ ಕೇಳಿದ್ದಳು.

"ಮೀನಿಗೇನು ಹೇಸೋದು? ಸತ್ತಿರುತ್ತೆ, ತಣ್ಣಗೆ ಐಸಲ್ಲಿ ಮಲಗಿರುತ್ತೆ. ಹೇಸಿಗೆ ಆಗೋದು ಬದುಕಿರೋರನ್ನ ನೋಡಿದ್ರೆ" ಎಂದಿದ್ದಳು ಮುಳ್ಳಕ್ಕ. ಪಕ್ಕದ ಮನೆಯವಳು ತಮಾಷೆ ಎಂದುಕೊಂಡು ನಕ್ಕಳು. ತಮಾಷೆಯಲ್ಲ. ಸಣ್ಣವಳಿದ್ದಾಗಿನಿಂದಲೂ ಅವಳು ಹಾಗೇ. ಸೋಪಿಗಂಟಿದ ಬೇರೆಯವರ ಕೂದಲು ಕಂಡರೆ ಸ್ನಾನ ಮಾಡದೆ ಹೊರಗೆ ಬರುವಳು. ಅಣ್ಣ ಕಚ್ಚಿ ಕೊಟ್ಟ ಹಣ್ಣನ್ನು ಹಸಿದಿದ್ದರೂ ಮುಟ್ಟಳು. "ಇವಳ ಮೂಗು, ನಾಲಿಗೆ ಎರಡನ್ನೂ ಬೇರೆ ಮನೇಲಿ ಇಡಬೇಕು" ಎಂದು ಅವಳ ಅಮ್ಮ ಬೈಯುತ್ತಿದ್ದರು.

ಇಂಥವಳ ಎರಡೇ ಕೋಣೆಯ ಮನೆಗೆ ಭಾವ ಬಂದು ಕೂತರು.

ಭಾವ ಎಂದರೆ ಅವಳ ಗಂಡನ ಅಣ್ಣ. ದೊಡ್ಡ ಬಟ್ಟೆ ಅಂಗಡಿಯೊಂದರಲ್ಲಿ ಬಾಗಿಲ ಬಳಿ ನಿಂತು, ಬಂದವರಿಗೆಲ್ಲ ತಲೆಬಾಗಿಸಿ, ಇತ್ತೀಚೆಗೆ ನಿವೃತ್ತರಾಗಿದ್ದರು. ಹೆಂಡತಿ ಮನೆಯಿಂದ ಹೊರಗೆ ಹಾಕಿದಳೋ, ತಾವೇ ಮುನಿಸಿಕೊಂಡು ಬಂದರೋ, ಅವರೂ ಹೇಳಲಿಲ್ಲ, ಇವರೂ ಕೇಳಲಿಲ್ಲ. "ನಾಲ್ಕು ದಿನ ಇದ್ದು ಹೋಗ್ತೀನಿ ಕಣೋ" ಎಂದು ತಮ್ಮನ ಹೆಗಲು ತಟ್ಟಿದರು. ಆ ನಾಲ್ಕು ದಿನ ಮುಗಿಯುವ ಲಕ್ಷಣ ಕಾಣಲಿಲ್ಲ. ಗಂಡ ಗಾಜು ಕೂರಿಸುವ ಕೆಲಸದವನು. ಯಾರ ಮನೆಯ ಎಂಥ ದೊಡ್ಡ ಗಾಜನ್ನಾದರೂ ಒಡೆಯದೆ ಎತ್ತಿ ನಿಲ್ಲಿಸುತ್ತಿದ್ದ. ಅಣ್ಣನೆದುರು ಮಾತ್ರ ಒಂದು ಮಾತು ಎತ್ತಲಾರ.

ಭಾವ ಶೋಕಿ ಮನುಷ್ಯ. ಇಸ್ತ್ರಿ ಇಲ್ಲದ ಅಂಗಿ ತೊಡುವವರಲ್ಲ. ಮೀಸೆಗೂ ಮೂಗಿನಿಂದ ಇಣುಕುವ ಕೂದಲಿಗೂ ಕಪ್ಪು ಬಣ್ಣ, ಕಂಕುಳಿಗೆ ಸೆಂಟು, ಜೇಬಿನಲ್ಲಿ ಬಾಚಣಿಗೆ. ಬಚ್ಚಲಿನ ಹೊರಗೋಡೆಗೆ ಕನ್ನಡಿ ತೂಗುಹಾಕಿ ಅದರೆದುರು ಗಂಟೆಗಟ್ಟಲೆ ನಿಂತು ಮುಖವನ್ನು ಆ ಕಡೆ ಈ ಕಡೆ ತಿರುಗಿಸುವರು. ಬೀದಿಯವರಿಗೆ ಅವರು ಮಾದರಿ. "ಈ ವಯಸ್ಸಲ್ಲೂ ಎಷ್ಟು ಶುಚಿ ನೋಡಿ ನಿಮ್ಮ ಭಾವ" ಎಂದು ಮುಳ್ಳಕ್ಕನಿಗೇ ಹೇಳುವರು.

ಬಂದ ಮೊದಲ ವಾರದಲ್ಲೇ ಭಾವ ಒಂದು ಕಟ್ಟಳೆ ಮಾಡಿದರು. ಕಾರ್ಖಾನೆಯಿಂದ ಬಂದವಳು ಹಿಂಬಾಗಿಲಿನಿಂದ ಬರಬೇಕು; ಚೀಲವನ್ನು ಮೆಟ್ಟಿಲ ಮೇಲೇ ಬಿಟ್ಟು ನೇರ ಬಚ್ಚಲಿಗೆ ಹೋಗಬೇಕು; ತಲೆಗೆ ನೀರು ಹಾಕಿಕೊಂಡ ಮೇಲೆಯೇ ಒಳಗೆ ಕಾಲಿಡಬೇಕು.

"ತಪ್ಪು ತಿಳ್ಕೋಬೇಡಮ್ಮ. ನನ್ನ ಮೂಗು ಸ್ವಲ್ಪ ಸೂಕ್ಷ್ಮ" ಎಂದರು ಕರವಸ್ತ್ರ ಮೂಗಿಗೆ ಹಿಡಿದು. "ಮೀನು ಬಂತು ಅಂತ ಬೀದಿ ಕೊನೆಯಲ್ಲೇ ಗೊತ್ತಾಗುತ್ತೆ."

ಗಂಡ ತಟ್ಟೆಯಲ್ಲಿ ಏನನ್ನೋ ಹುಡುಕುವವನಂತೆ ತಲೆ ತಗ್ಗಿಸಿದ. ಮುಳ್ಳಕ್ಕ ಆ ಮಾತನ್ನು ನುಂಗಿದಳು. ಬಿಸಿ ತುಪ್ಪವೂ ಅಲ್ಲ, ಇದು ಹಳಸಿದ ತುಪ್ಪ, ಆದರೂ ನುಂಗಿದಳು. ಹೇಗೂ ಬಂದ ತಕ್ಷಣ ಸ್ನಾನ ಮಾಡುವುದು ಅವಳ ರೂಢಿಯೇ. ಹೇಳಿಸಿಕೊಂಡು ಮಾಡಬೇಕಾಯಿತಲ್ಲ ಎನ್ನುವುದೊಂದೇ ಗಂಟಲಿಗೆ ಅಡ್ಡವಾಗಿ ನಿಂತಿತ್ತು.

ಅವಳ ಚಿಮುಟ ಅಗಲ ಬಾಯಿಯದು, ಒಳ್ಳೆ ಉಕ್ಕಿನದು. ಕೆಲಸಕ್ಕೆ ಸೇರಿದ ಹೊಸದರಲ್ಲಿ ತಾನೇ ಆರಿಸಿ ಕೊಂಡದ್ದು. ಕಾರ್ಖಾನೆಯ ಚಿಮುಟಗಳು ತಗಡಿನಂತಿದ್ದವು. ಹಾಗಾಗಿ ಹಳಬರೆಲ್ಲ ತಂತಮ್ಮದನ್ನೇ ತರುತ್ತಿದ್ದರು, ಮನೆಗೂ ಒಯ್ಯುತ್ತಿದ್ದರು. ಒಯ್ಯಬಾರದೆಂದು ಗೋಡೆಯ ಮೇಲೆ ಬರೆದಿತ್ತು. ಮೇಲ್ವಿಚಾರಕಿ ಅದನ್ನು ಕಂಡೂ ಕಾಣದಂತಿದ್ದಳು.

ಭಾನುವಾರ ಮಧ್ಯಾಹ್ನ ಮುಳ್ಳಕ್ಕ ಅಡುಗೆಮನೆಯ ಕಿಟಕಿಯ ಬಳಿ ಚಿಮುಟಕ್ಕೆ ಸಾಣೆ ಹಿಡಿಯಲು ಕೂರುವಳು. ಮೊದಲು ಅದನ್ನು ಒತ್ತಿ ಬೆಳಕಿಗೆ ಹಿಡಿಯುವಳು. ಎರಡು ತುಟಿಗಳ ನಡುವೆ ಕೂದಲೆಳೆಯಷ್ಟು ಬೆಳಕು ಕಂಡರೂ ಅದು ಮೊಂಡು. ಎಲ್ಲಿ ಡೊಂಕಾಗಿದೆಯೋ ಅಲ್ಲಿ ಬಟ್ಟೆ ಸುತ್ತಿದ ಇಕ್ಕಳದಲ್ಲಿ ಮೆಲ್ಲಗೆ ಬಾಗಿಸಿ ಸರಿಮಾಡುವಳು. ಆಮೇಲೆ ನಯವಾದ ಸ್ಯಾಂಡ್‌ಪೇಪರನ್ನು ಮಡಿಸಿ, ಎರಡೂ ಕಡೆ ಉಜ್ಜುವಂತೆ ತುಟಿಗಳ ನಡುವೆ ಇಟ್ಟು, ಹಗುರವಾಗಿ ಒತ್ತಿ ಹೊರಗೆಳೆಯುವಳು; ಮತ್ತೆ ಇಟ್ಟು, ಮತ್ತೆ ಎಳೆಯುವಳು. ಜೋರು ಮಾಡಿದರೆ ಕೆಟ್ಟಿತು. ಹೊರಗಿನ ಅಂಚನ್ನು ಒದ್ದೆ ಸಾಣೆಕಲ್ಲಿನ ಮೇಲೆ ಒಂದೇ ಓರೆಯಲ್ಲಿ ಸವರುವಳು. ಕೊನೆಗೆ ಹಳೇ ಟವೆಲಿನಿಂದ ಒಂದು ನೂಲಿನೆಳೆ ಹಿಡಿದು ನೋಡುವಳು. ಎಳೆ ಜಾರದೆ, ತುಂಡಾಗದೆ ಈಚೆ ಬಂದರೆ ಹದ ಬಂದಂತೆ. ಆಮೇಲೆ ಸೋಪಿನಲ್ಲಿ ತಿಕ್ಕಿ, ಅದಕ್ಕೆಂದೇ ಇಟ್ಟ ಸಣ್ಣ ಪಾತ್ರೆಯಲ್ಲಿ ಕುದಿಸಿ, ಒರೆಸಿ, ಡಬ್ಬಿಗೆ ಹಾಕಿ, ಕೆಲಸದ ಚೀಲದಲ್ಲಿ ಇಡುವಳು. ಹೀಗೆ ಮಾಡಿದ್ದು ಮೊದಲೆಲ್ಲ ತಿಂಗಳುಗಟ್ಟಲೆ ಬರುತ್ತಿತ್ತು.

ಈಗೀಗ ವಾರವೂ ಬರಲೊಲ್ಲದು. ಭಾನುವಾರ ಹದವಾದದ್ದು ವಾರದ ನಡುವೆಯೇ ಜಾರತೊಡಗಿತು. ತುದಿ ಸೊಟ್ಟ, ಅಂಚಿನಲ್ಲಿ ಕಚ್ಚು. ಮುಳ್ಳು ಹಿಡಿದರೆ ಸಿಗದು, ಸಿಕ್ಕರೆ ಮುರಿಯುವುದು. ಅವಳ ತಟ್ಟೆಗಳು ತಪಾಸಣೆಯಿಂದ ವಾಪಸು ಬರಹತ್ತಿದವು.

"ಚಿಮುಟ ಯಾಕೋ ನಿಲ್ತಿಲ್ಲ" ಎಂದಳು ಒಂದು ದಿನ.

"ಕುಣಿಯೋಕೆ ಬರದೋಳು ನೆಲ ಡೊಂಕು ಅಂದ್ಲಂತೆ" ಎಂದಳು ಎದುರು ಮೇಜಿನವಳು. ಸುತ್ತಲಿನವರು ಮಾಸ್ಕಿನೊಳಗೇ ನಕ್ಕರು.

ಮುಳ್ಳಕ್ಕನೂ ನಕ್ಕಳು, ಆದರೆ ಮಾತು ಒಳಗೆ ಇಳಿಯಿತು. ಕೈಗೆ ವಯಸ್ಸಾಯಿತೇನೋ. ತನಗೆ ಗೊತ್ತಿಲ್ಲದೆ ಬೆರಳು ಜಾಸ್ತಿ ಒತ್ತುತ್ತಿದೆಯೇನೋ. ಬಸ್ಸಿನಲ್ಲಿ ಕೂತು ತೋರುಬೆರಳು ಹೆಬ್ಬೆರಳುಗಳನ್ನು ಜೋಡಿಸಿ, ನಡುಗುತ್ತಿದೆಯೇ ಎಂದು ನೋಡಿಕೊಳ್ಳುವಳು. ಕನ್ನಡಕದಂಗಡಿಗೂ ಹೋಗಿ ಬಂದಳು. ಕಣ್ಣು ಚೆನ್ನಾಗಿಯೇ ಇದೆ ಎಂದರು. ಹಾಗಾದರೆ ಕೈಯದೇ ತಪ್ಪು ಎಂದು ಅವಳು ಇನ್ನಷ್ಟು ಕುಗ್ಗಿದಳು.

ಹಾಗಿರುವಾಗ ಒಂದು ಬೆಳಿಗ್ಗೆ ತಪಾಸಣೆಯ ಮೇಜಿನಲ್ಲಿ ಗಂಟೆ ಬಾರಿಸಿದರು. ಮೀನಿನ ತಟ್ಟೆ ಸಾಗಿಸುವ ಬೆಲ್ಟು ನಿಂತಿತು. ಮೇಲ್ವಿಚಾರಕಿ ಬಿಳಿ ತಟ್ಟೆಯೊಂದನ್ನು ಎರಡೂ ಕೈಯಲ್ಲಿ ಹಿಡಿದು, ಪ್ರತಿ ಮೇಜಿನ ಮುಂದೆಯೂ ನಿಂತು ತೋರಿಸುತ್ತ ಬಂದಳು. ತಟ್ಟೆಯಲ್ಲಿ ಒಂದು ಮೀನಿನ ಹೋಳು. ಹೋಳಿನ ಮೇಲೊಂದು ಗಿಡ್ಡ ಕೂದಲು. ದಪ್ಪ, ಬಿರುಸು. ಬುಡ ಬಿಳಿ, ಮಿಕ್ಕದ್ದೆಲ್ಲ ಕಪ್ಪು.

"ಇದು ತಲೆ ಕೂದಲಲ್ಲ, ಮೀಸೆದು. ಬಣ್ಣ ಹಚ್ಚಿದ್ದು. ನಮ್ಮಲ್ಲಿ ಮೀಸೆಗೆ ಬಣ್ಣ ಹಚ್ಚೋರು ಯಾರು?"

ಕಣ್ಣುಗಳೆಲ್ಲ ಬಾಗಿಲ ಕಡೆ ಹೊರಳಿದವು. ಅಲ್ಲಿ ಐಸಿನ ಗಾಡಿ ತಳ್ಳುವವನು ನಿಂತಿದ್ದ; ಎಲ್ಲರೂ ಅವನನ್ನು ಐಸಣ್ಣ ಎನ್ನುತ್ತಿದ್ದರು. ಮಾಸ್ಕು ಎಂದಿನಂತೆ ಗದ್ದಕ್ಕಿಳಿದಿತ್ತು. ಅದರ ಮೇಲೆ ಇದ್ದಿಲಿನಷ್ಟು ಕಪ್ಪು ಮೀಸೆ.

"ಮಾಸ್ಕು ಮೇಲಕ್ಕೆ ಹಾಕು ಅಂತ ನಿಂಗೆ ಎಷ್ಟು ಸಲ ಹೇಳಿದೀನಿ?"

"ಮೇಡಂ, ನಂದಲ್ಲ. ನಾನು ಹೋಳಿನ ಹತ್ರಾನೇ ಬರಲ್ಲ."

"ಮತ್ತೆ ಅದು ನಡ್ಕೊಂಡು ಬಂತಾ? ಗಾಡಿ ಅಲ್ಲೇ ಬಿಡು. ಆಫೀಸಿಗೆ ಬಾ."

ತಟ್ಟೆ ಅಷ್ಟರಲ್ಲಿ ಮುಳ್ಳಕ್ಕನ ಮುಂದಿತ್ತು. ಆ ಕೂದಲನ್ನು ಅವಳು ನೋಡಿದಳು. ಅದು ಅವಳಿಗೆ ಹೊಸದಲ್ಲ. ಬಚ್ಚಲಿನ ಕನ್ನಡಿಯ ಕೆಳಗೆ, ಕೈತೊಳೆಯುವ ಬೇಸಿನ್ನಿನ ಅಂಚಿನಲ್ಲಿ ಅಂಥದ್ದೇ ಕೂದಲನ್ನು ಎಷ್ಟೋ ಬೆಳಿಗ್ಗೆ ಮುಖ ತಿರುಗಿಸಿಕೊಂಡು ನೀರು ಹೊಯ್ದು ಕಳಿಸಿದ್ದಳು. ಕೈ ತಾನಾಗಿ ಚಿಮುಟವನ್ನು ತಿರುಗಿಸಿತು. ಎರಡು ಕಾಲುಗಳೂ ಕೂಡುವ ಹಿಂದಿನ ಸಂದಿಯಲ್ಲಿ ಅಂಥದ್ದೇ ಇನ್ನೊಂದು ಸಿಕ್ಕಿಕೊಂಡಿತ್ತು. ಬೆಳಿಗ್ಗೆ ಕೆಲಸಕ್ಕೆ ಮುನ್ನ ಕ್ರಿಮಿ ಸಾಯಲೆಂದು ಔಷಧದ ನೀರಿನಲ್ಲಿ ಅದ್ದಿದಾಗ ನೆನೆದು ಸಡಿಲವಾಗಿ, ತುದಿ ಹೊರಗೆ ಚಾಚಿತ್ತು.

ಎಲ್ಲವೂ ಒಮ್ಮೆಗೇ ಅರ್ಥವಾಯಿತು. ಮೆಟ್ಟಿಲ ಮೇಲೆ ಬಿಟ್ಟ ಚೀಲ, ಬಚ್ಚಲಿನೊಳಗೆ ತಾನು, ಹೊರಗೆ ಕನ್ನಡಿಯೆದುರು ಭಾವ. ಆ ಸೂಕ್ಷ್ಮ ಮೂಗಿನ ಹೊಳ್ಳೆಯೊಳಗೆ ತನ್ನ ಚಿಮುಟ.

ಆಗ ಅವಳು ಬಾಯಿ ಮುಚ್ಚಿಕೊಂಡಿರಬಹುದಿತ್ತು. ಒಂದು ಕ್ಷಣ ಹಾಗೇ ನಿಂತಳು ಕೂಡ. ಐಸಣ್ಣ ಆಗಲೇ ಗಾಡಿ ಬಿಟ್ಟು, ಕೈಗವಸು ಕಳಚುತ್ತಿದ್ದ. ಇನ್ನೊಬ್ಬನ ಮೂಗಿನ ಕೂದಲಿಗಾಗಿ ಅವನು ಕೆಲಸ ಕಳೆದುಕೊಳ್ಳುವುದೂ, ತಾನು ಅದನ್ನು ನೋಡಿಕೊಂಡು ಸುಮ್ಮನಿರುವುದೂ ಆ ಕೂದಲಿಗಿಂತ ಹೊಲಸು ಎನ್ನಿಸಿತು.

"ಮೇಡಂ, ಅವನದಲ್ಲ" ಎಂದಳು. "ನನ್ನ ಚಿಮುಟದ್ದು."

"ನಿನ್ನ ಚಿಮುಟದಲ್ಲಿ ಮೀಸೆ ಎಲ್ಲಿಂದ ಬರುತ್ತೆ?"

"ಮನೆಯಲ್ಲಿ ಯಾರೋ ಉಪಯೋಗಿಸಿದಾರೆ. ನಂಗೆ ಗೊತ್ತಿರಲಿಲ್ಲ. ಮೀಸೆದಲ್ಲ. ಮೂಗಿಂದು ಅನ್ಸುತ್ತೆ."

ಅಲ್ಲಿದ್ದವರೆಲ್ಲ ಒಂದೇ ಬಾಯಲ್ಲಿ ಇಶ್ಶೀ ಎಂದರು. ಎದುರು ಮೇಜಿನವಳು ತನ್ನ ತಟ್ಟೆಯನ್ನು ಮೆಲ್ಲಗೆ ತನ್ನ ಕಡೆಗೆ ಎಳೆದುಕೊಂಡಳು. ಮುಳ್ಳಕ್ಕ ಚಿಮುಟವನ್ನು ಮೇಜಿನ ಮೇಲೆ ಬಿಟ್ಟು, ಕೈತೊಳೆಯುವ ಕೋಣೆಗೆ ಓಡಿ ವಾಂತಿ ಮಾಡಿಕೊಂಡಳು. ಮೀನಿನ ಕರುಳು, ಪಿತ್ತ, ಕೊಳೆತ ಪೆಟ್ಟಿಗೆ, ಯಾವುದಕ್ಕೂ ಅಲ್ಲಿ ವಾಂತಿ ಮಾಡಿದವಳಲ್ಲ ಅವಳು.

ಆ ದಿನದ ಮಾಲನ್ನೆಲ್ಲ ಎಸೆದರು. ಮೇಲ್ವಿಚಾರಕಿ ಕಿರುಚಲಿಲ್ಲ, ಚಿಮುಟವನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ದೂರದಿಂದಲೇ ಚಾಚಿದಳು. "ಇದನ್ನ ಮನೇಲೇ ಇಟ್ಕೋ. ಒಂದು ವಾರ ಬರಬೇಡ. ಆಮೇಲೆ ನೋಡೋಣ. ಅದೂ ನೀನಾಗಿ ಹೇಳಿದೆ ಅಂತ."

ಮುಳ್ಳಕ್ಕ ಅಂದು ಮುಂಬಾಗಿಲಿನಿಂದಲೇ ಮನೆಯೊಳಗೆ ಬಂದಳು. ಗಂಡನಿಗೆ ಕೆಲಸವಿರಲಿಲ್ಲ, ಮನೆಯಲ್ಲೇ ಇದ್ದ. ಭಾವ ಕಿಟಕಿಯ ಬಳಿಯ ಕುರ್ಚಿಯಲ್ಲಿ ಪೇಪರು ಓದುತ್ತಿದ್ದರು.

"ಏನಮ್ಮಾ ಇದು, ಸ್ನಾನ ಮಾಡ್ದೆ—" ಎಂದು ಕರವಸ್ತ್ರ ತೆಗೆದರು.

ಅವಳು ಪ್ಲಾಸ್ಟಿಕ್ ಚೀಲವನ್ನು ಅವರ ಪೇಪರಿನ ಮೇಲಿಟ್ಟಳು. "ಭಾವ, ಇದನ್ನ ನೀವು ಮುಟ್ಟಿದೀರಾ?"

ಭಾವ ಚೀಲವನ್ನೂ ತಮ್ಮನನ್ನೂ ನೋಡಿದರು. "ಯಾವಾಗಲೋ ಒಂದು ಸಲ."

"ಒಂದು ಸಲಕ್ಕೆ ತುದಿ ಸೊಟ್ಟಗಾಗಲ್ಲ."

"ಅದಾ, ಕಾಲುಗುರು ಒಳಗೆ ಬೆಳೆದು ಕೀವಾಗಿತ್ತು. ಮೀಟಿ ತೆಗೀಬೇಕಾಯ್ತು. ನೋವು ಪಟ್ಟೋರಿಗೆ ತಾನೇ ಗೊತ್ತು" ಎಂದು ಭಾವ ಕಾಲ ಹೆಬ್ಬೆರಳನ್ನು ಚಪ್ಪಲಿಯೊಳಗೆ ಮಡಿಸಿದರು. "ಮಿಕ್ಕಂತೆ ಮೂಗಿಂದು, ಕಿವೀದು, ಎರಡು ಕೂದಲು. ನೀನು ಬಚ್ಚಲಲ್ಲಿ ಅಷ್ಟೊತ್ತು ಇರ್ತೀಯ. ಕೆಲಸ ಆದ್ಮೇಲೆ ಟವೆಲಲ್ಲಿ ಒರೆಸಿ ಇಟ್ಟೇ ಇಡ್ತಿದ್ದೆ."

"ಯಾವ ಟವೆಲ್ಲು?"

"ಅಲ್ಲೇ ನೇತಾಡ್ತಿತ್ತಲ್ಲ."

ಅದು ಅವಳು ಮುಖ ಒರೆಸಿಕೊಳ್ಳುವ ಟವೆಲ್ಲು.

ಭಾವನಿಗೆ ಈಗ ಮಾತು ಬಂತು. "ಅಷ್ಟಕ್ಕೂ ಮೀನಿನ ಚಿಮುಟ ತಾನೇ? ಹೇಸಬೇಕಾದೋನು ನಾನು. ಎಷ್ಟು ಸೋಪು ಹಾಕಿದ್ರೂ ಕೈಯಿಂದ ಆ ನಾತ ಹೋಗ್ತಿರಲಿಲ್ಲ. ಮೂಗಿಗೇ ಹಿಡೀಬೇಕಲ್ಲ, ಯೋಚ್ನೆ ಮಾಡು."

ಕಾರ್ಖಾನೆಯಲ್ಲಿ ನಡೆದದ್ದನ್ನು ಮುಳ್ಳಕ್ಕ ಹೇಳಿದಳು. ಎಲ್ಲರೆದುರು ನಿಂತು ಮೂಗಿನ ಕೂದಲೆಂದು ಬಾಯಿಬಿಟ್ಟು ಹೇಳಿದ್ದು, ಎದುರಿನವಳು ತಟ್ಟೆ ಎಳೆದುಕೊಂಡದ್ದು, ಒಂದು ವಾರ ಬರಬೇಡವೆಂದದ್ದು. ಹೇಳುವಾಗ ಗಂಡನನ್ನೇ ನೋಡುತ್ತಿದ್ದಳು. ಅವನು ಉಗುರಿಗಂಟಿದ ಗಾಜಿನ ಅಂಟನ್ನು ಕೆರೆಯುತ್ತ ಕೇಳಿಸಿಕೊಂಡ.

"ಹೋಗ್ಲಿ ಬಿಡು" ಎಂದ ಕೊನೆಗೆ. "ಹಿರಿಯರು, ಏನೋ ಗೊತ್ತಾಗ್ದೆ ಮಾಡಿದಾರೆ. ಹೊಸದೊಂದು ತಗೊಂಡ್ರಾಯ್ತು."

"ಹೊಸದು ತಗೊಳ್ಳೋಣ" ಎಂದಳು ಅವಳು ಮೆತ್ತಗೆ. "ಶನಿವಾರ ಶನಿವಾರ ಕಾರ್ಖಾನೆಯಿಂದ ಬಾಲದ ತುಂಡು ತರ್ತೀನಲ್ಲ. ಹುರಿದು ಹಾಕಿದ್ರೆ ಒಂದೂ ಮುಳ್ಳಿಲ್ಲ ಅಂತ ತಿಂತೀರಲ್ಲ. ಆ ಮುಳ್ಳು ನಾನು ಯಾವುದರಲ್ಲಿ ಕೀಳ್ತೀನಿ ಅಂತ ತಿಳ್ಕೊಂಡಿದೀರಿ?"

ಗಂಡನ ಬೆರಳು ನಿಂತಿತು.

"ಕುದಿಸ್ತೀಯಲ್ಲ?" ಎಂದರು ಭಾವ. ಅವರ ದನಿ ಮೊದಲ ಸಲ ಸಣ್ಣದಾಗಿತ್ತು.

"ಕುದಿಸೋದು ಭಾನುವಾರ, ಸಾಣೆ ಹಿಡಿದ ಮೇಲೆ. ಶನಿವಾರ ಅಲ್ಲ. ನೀವೂ ತಿಂದಿದೀರಿ ಭಾವ. ಎಲ್ಲರಿಗಿಂತ ಮೊದಲು, ಎಲ್ಲರಿಗಿಂತ ದೊಡ್ಡ ತುಂಡು."

ಗಂಡನ ಮುಖ ಸುಣ್ಣದಂತಾಯಿತು. ಎದ್ದು ಬೇಸಿನ್ನಿಗೆ ಓಡಿದ. ಕರುಳೇ ಬಾಯಿಗೆ ಬರುವಂಥ ಸದ್ದು ಹೊರಗಿನವರೆಗೆ ಕೇಳಿತು. ಅವನು ಒದ್ದೆ ಮುಖದಲ್ಲೇ ಬಂದು, ಕಣ್ಣಲ್ಲಿ ನೀರು ತುಂಬಿಕೊಂಡು, ಹುಟ್ಟಿದಾರಭ್ಯ ಹೇಳದಿದ್ದ ಮಾತನ್ನು ಹೇಳಿದ.

"ಅಣ್ಣಾ, ನೀನು ನಾಳೆ ಬೆಳಿಗ್ಗೆ ಹೊರಡು."

"ಏನೋ, ಒಂದು ಚಿಮುಟಕ್ಕೆ—"

"ನಾಳೆ ಬೆಳಿಗ್ಗೆ. ನಿನ್ನ ಮಗಳ ಮನೆಗೆ ಹೋಗು, ಎಲ್ಲಿಗಾದ್ರೂ ಹೋಗು. ನಂಗೆ ನಿನ್ನ ಮುಖ ನೋಡಿದ್ರೆ ಹೊಟ್ಟೆ ತೊಳಸುತ್ತೆ."

ಮುಳ್ಳಕ್ಕ ಇಷ್ಟು ದಿನ ಕಾದಿದ್ದ ಮಾತು ಅದು. ಆದರೆ ಕಿವಿಗೆ ಬಿದ್ದಾಗ ಹಿತವಾಗಲಿಲ್ಲ. ನೂರು ಜನರೆದುರು ಅವಳ ಮಾನ ಹೋದದ್ದಕ್ಕೆ ಅವನಿಂದ ಬಂದದ್ದು ಹೋಗ್ಲಿ ಬಿಡು ಎನ್ನುವ ಮಾತು. ತನ್ನ ಹೊಟ್ಟೆಯೊಳಗಿನ ತುಂಡು ನೆನಪಾದ ಮೇಲೆ ಬಂದದ್ದು ಈ ಪೌರುಷ. ಅವಳು ಇಬ್ಬರನ್ನೂ ಒಬ್ಬರಾದ ಮೇಲೊಬ್ಬರಂತೆ ನೋಡಿದಳು. ಆಮೇಲೆ ಬಚ್ಚಲ ಬಳಿಗೆ ಹೋಗಿ, ಕನ್ನಡಿಯ ಪಕ್ಕದ ಆ ಟವೆಲ್ಲನ್ನು ಕಡ್ಡಿಯಿಂದ ಎತ್ತಿ ಕಸಕ್ಕೆ ಹಾಕಿದಳು.

ಭಾವ ಮರುದಿನ ಇಸ್ತ್ರಿ ಅಂಗಿ ತೊಟ್ಟು, ಸೆಂಟು ಬಳಿದುಕೊಂಡು ಹೊರಟರು. ಬೀದಿಯವರಿಗೆ, "ತಮ್ಮನ ಮನೇಲಿ ಮೀನಿನ ವಾಸನೆ, ನನಗೆ ಒಗ್ಗಲ್ಲ" ಎಂದು ಹೇಳಿದರಂತೆ. ಬೀದಿಯವರು ನಂಬಿದರು.

ಕೆಲಸವಿಲ್ಲದ ಆ ವಾರ ಅವಳು ಮನೆ ತೊಳೆದಳು. ಕನ್ನಡಿ ತೆಗೆದಾಗ ಅದರ ಹಿಂದಿನ ಗೋಡೆಯಲ್ಲಿ, ಒದ್ದೆಯಾಗಿದ್ದಾಗ ಒತ್ತಿ ಒತ್ತಿ ಅಂಟಿಸಿದ ಕೂದಲುಗಳು ಸಾಲಾಗಿ ಒಣಗಿದ್ದವು. ಕುರ್ಚಿಯ ಪಕ್ಕದ ಹೂಕುಂಡದ ಮಣ್ಣಲ್ಲಿ ಕತ್ತರಿಸಿದ ಉಗುರು. ಕುರ್ಚಿಯ ತಳಭಾಗವನ್ನು ಬೆರಳಿಂದ ಸವರಿದವಳು ಅಲ್ಲಿ ಒಣಗಿ ಅಂಟಿದ್ದು ಏನೆಂದು ನೋಡಲೇ ಇಲ್ಲ; ಬಿಸಿನೀರು ತರಲು ಹೋದಳು. ಬೀದಿಗೆಲ್ಲ ಮಾದರಿಯಾದ ಶುಚಿ ಇದು. ಮೇಲೆ ಥಳುಕು, ಒಳಗೆ ಹುಳುಕು ಎಂದು ಸುಮ್ಮನೆ ಹೇಳುತ್ತಾರೆಯೇ?

ಭಾನುವಾರ ಚಿಮುಟವನ್ನೂ ಕೈಗೆತ್ತಿಕೊಂಡಳು. ಒಳ್ಳೆ ಉಕ್ಕು, ಎಸೆಯಲು ಮನಸ್ಸಾಗಲಿಲ್ಲ. ಮೊದಲೇ ಕುದಿಸಿದಳು. ಸಂದಿಯನ್ನು ಸೂಜಿಯಿಂದ ಕೆದಕಿದಳು. ತುದಿಯ ಸೊಟ್ಟು ತೆಗೆದು, ಸ್ಯಾಂಡ್‌ಪೇಪರ್ ಎಳೆದು, ಕಲ್ಲಿನ ಮೇಲೆ ಸವರಿ, ಮತ್ತೆ ಕುದಿಸಿ, ಬೆಳಕಿಗೆ ಹಿಡಿದಳು. ತುಟಿಗಳ ನಡುವೆ ಬೆಳಕಿನ ಗೆರೆಯೇ ಇಲ್ಲ. ನೂಲಿನೆಳೆಯನ್ನು ಹಿಡಿದರೆ ಬಿಡದು. ಅವಳ ಕೈ ಕೆಟ್ಟಿರಲಿಲ್ಲ. ಬೆರಳು ಹಿಂದಿನಷ್ಟೇ ಹದವಾಗಿತ್ತು. ಆ ಸಮಾಧಾನಕ್ಕೆ ಒಂದು ನಿಮಿಷ ಹಾಗೇ ಕೂತಳು. ಆದರೆ ಅದನ್ನು ಹಿಡಿದಿದ್ದಷ್ಟು ಹೊತ್ತೂ ಅಂಗೈ ಬೆವರುತ್ತಲೇ ಇತ್ತು. ಕುದಿಸಿದರೆ ಉಕ್ಕು ಶುದ್ಧವಾದೀತು, ಅವಳ ಕಣ್ಣಿಗೆ ಮಾತ್ರ ಅದು ಆ ಮೂಗಿನೊಳಗೇ ಇತ್ತು. ಸಂಜೆ ಹಳೇ ಕಬ್ಬಿಣದವನ ಗಾಡಿಗೆ ಹಾಕಿ ಬಂದಳು.

ವಾರ ಕಳೆದು ಕೆಲಸಕ್ಕೆ ಹೋದಾಗ ಚಿಮುಟಗಳೆಲ್ಲ ಕಾರ್ಖಾನೆಯಲ್ಲೇ ಇರಬೇಕೆಂದು ಬೀಗದ ಪೆಟ್ಟಿಗೆ ಬಂದಿತ್ತು. ಕೈತೊಳೆಯುವ ಕೋಣೆಯಲ್ಲಿ ಒಂದು ಸಾಣೆಕಲ್ಲೂ ಇಟ್ಟಿದ್ದರು. ಹಳಬರು ಗೊಣಗಿದರು, ಇವಳಿಂದಾಗಿ ಎಲ್ಲರಿಗೂ ತಾಪತ್ರಯ ಎಂದರು. ಎದುರು ಮೇಜಿನವಳು ಕೆಲವು ದಿನ ತಟ್ಟೆಯನ್ನು ದೂರವೇ ಇಟ್ಟುಕೊಂಡಳು. ಐಸಣ್ಣ ಮೀಸೆ ಬೋಳಿಸಿಬಿಟ್ಟಿದ್ದ. ಪುಕ್ಕ ಕಿತ್ತ ಕೋಳಿಯಂತಿತ್ತು ಅವನ ಮುಖ.

"ಯಾಕಣ್ಣ, ನಿಂದಲ್ಲ ಅಂತ ಹೇಳಿದ್ನಲ್ಲ" ಎಂದಳು.

"ಹೇಳಿದ್ರಿ" ಎಂದ ಅವನು ಐಸು ಸುರಿಯುತ್ತ. "ಸ್ವಲ್ಪ ಯೋಚ್ನೆ ಮಾಡಿ ಹೇಳಿದ್ರಿ. ನಾನು ನೋಡ್ತಿದ್ದೆ."

ಅವಳು ಮುಂದಿನ ಹೋಳನ್ನು ಎಳೆದುಕೊಂಡು ಬೆರಳು ಸವರತೊಡಗಿದಳು. ಅವಳ ತಟ್ಟೆಗಳು ವಾಪಸು ಬರುವುದು ನಿಂತಿತು.

ಮನೆಯಲ್ಲಿ ಅವಳು ಮೀನು ಹುರಿಯುವುದನ್ನು ಬಿಟ್ಟಳು. ಗಂಡ ಕೇಳಲಿಲ್ಲ, ಅವನಿಗೂ ಬೇಡವಾಗಿತ್ತು. ಅಣ್ಣನನ್ನು ಕಳಿಸಿದ್ದು ತನ್ನ ಸಾಹಸವೆಂದು ಅವನು ಒಂದೆರಡು ಸಲ ಸ್ನೇಹಿತರ ಮುಂದೆ ಹೇಳಿದ್ದನ್ನು ಅವಳು ಕೇಳಿಸಿಕೊಂಡಳು. ಅವನು ಊಟ ಮಾಡುವಾಗ ಎದುರು ಕೂರುವುದು ಅವಳಿಗೆ ಕಷ್ಟವಾಗುತ್ತಿತ್ತು. ಅವನು ಅಗಿಯುವುದು, ಬೆರಳು ನೆಕ್ಕುವುದು, ನೀರು ಕುಡಿದು ಬಾಯಿ ಮುಕ್ಕಳಿಸುವುದು, ಇಷ್ಟು ವರ್ಷ ಕಣ್ಣಿಗೆ ಬೀಳದ್ದೆಲ್ಲ ಈಗ ಕಾಣುತ್ತಿತ್ತು.

"ಇನ್ನೂ ಕೋಪನಾ?" ಎಂದು ಕೇಳಿದ ಒಂದು ದಿನ, ಅವಳು ತಟ್ಟೆ ಹಿಡಿದು ಅಡುಗೆಮನೆಗೆ ಏಳುವಾಗ.

"ಕೋಪ ಆಗಿದ್ರೆ ಇಷ್ಟೊತ್ತಿಗೆ ಇಳಿದಿರೋದು" ಎಂದಳು.

"ಮತ್ತೇನು?"

ಅವಳು ತನ್ನ ತಟ್ಟೆಯನ್ನು ತೊಳೆದಿಟ್ಟು ಬಂದಳು. ಅವನು ತನ್ನ ತಟ್ಟೆಯನ್ನು ತಾನೇ ಎತ್ತಿಕೊಂಡು ಹೋಗಿ, ನಲ್ಲಿಯ ಕೆಳಗೆ ಹಿಡಿದು ತಿಕ್ಕತೊಡಗಿದ. ಅಂಚಿನಲ್ಲಿ ಎಣ್ಣೆ ಹಾಗೇ ಉಳಿದಿತ್ತು. ಅವಳು ಬಾಗಿಲಲ್ಲಿ ನಿಂತು ನೋಡಿದಳು. ಮೊದಲಾಗಿದ್ದರೆ ಕೈಯಿಂದ ಕಿತ್ತುಕೊಂಡು ತಾನೇ ತೊಳೆಯುತ್ತಿದ್ದಳು.

"ಅಂಚು" ಎಂದಳು. "ಇನ್ನೊಂದು ಸಲ ತಿಕ್ಕಿ."